ಎಲೆಕ್ಟ್ರಾನಿಕ್ ಡ್ರಮ್ ಕಿಟ್: ಒಂದು ಟಾಮ್ ಸತ್ತಿದೆ, ಕ್ರ್ಯಾಶ್ ಅರ್ಧಕ್ಕೇ ನಿಲ್ಲುತ್ತದೆ. ಮನೆಯಲ್ಲೇ ರಿಪೇರಿ ಆಗುತ್ತಾ?

ದಾವಣಗೆರೆ ಬೀಟ್ಸ್

ಎಲ್ಲರಿಗೂ ನಮಸ್ಕಾರ. ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಎಲೆಕ್ಟ್ರಾನಿಕ್ ಕಿಟ್ ತಗೊಂಡಿದ್ದೇನೆ. ಕಂಪನಿ ಹೆಸರು ಬೇಡ ಬಿಡಿ, ಆರಂಭದ ಮಟ್ಟದ್ದು. ಸ್ನೇರ್ ಮತ್ತು ಮೂರು ಟಾಮ್ (ಇವು ಡ್ರಮ್ ಪ್ಯಾಡ್‌ಗಳು) ಮೆಶ್‌ನವು, ಅಂದರೆ ಮೇಲೆ ಜಾಲರಿ. ಸಿಂಬಲ್‌ಗಳು (ಕ್ರ್ಯಾಶ್, ಹೈ-ಹ್ಯಾಟ್ ಥರದ ತಾಳಗಳು) ರಬ್ಬರಿನವು. ಮಾಡ್ಯೂಲ್ (ಸದ್ದು ಹುಟ್ಟಿಸುವ ಪೆಟ್ಟಿಗೆ) ಹಿಂದೆ 25 ಪಿನ್ನಿನ ಅಗಲ ಕನೆಕ್ಟರ್ ಇದೆ. ಅಲ್ಲಿಂದ ಎಲ್ಲ ಪ್ಯಾಡ್‌ಗೂ ಕೇಬಲ್ ಗೊಂಚಲು ಹೋಗುತ್ತದೆ. ಎರಡನೇ ಕ್ರ್ಯಾಶ್ ಮಾತ್ರ ಮಾಡ್ಯೂಲ್‌ನ ಬೇರೆ ಜ್ಯಾಕ್‌ಗೆ, ಬೇರೆ ಕೇಬಲ್‌ನಲ್ಲಿ ಸೇರಿದೆ.

ತೊಂದರೆ ಹೀಗಿದೆ. ಎರಡನೇ ಟಾಮ್ ಪೂರ್ತಿ ಮೌನ. ಯಾವಾಗಲಾದರೂ ಒಮ್ಮೆ ಕೆಳಗಿನಿಂದ ತಟ್ಟಿದರೆ ಸಣ್ಣಗೆ ಸದ್ದು ಬರುತ್ತದೆ. ಎರಡನೇ ಕ್ರ್ಯಾಶ್ ಹೊಡೆದರೆ "ಟಪ್" ಅಂದು ನಿಂತುಬಿಡುತ್ತದೆ, ಯಾರೋ ಕೈಯಲ್ಲಿ ಹಿಡಿದ ಹಾಗೆ. ಸ್ನೇರ್‌ನಲ್ಲಿ ನಡುವೆ ಹೊಡೆದರೆ ಬಾಂಬ್, ಅಂಚಿನ ಹತ್ತಿರ ಹೊಡೆದರೆ ಪಿಸುಮಾತು. ಕೆಲವು ಸಲ ಒಂದು ಏಟಿಗೆ ಎರಡು ಸದ್ದು. ಹೈ-ಹ್ಯಾಟ್ ಪೆಡಲ್ ಪೂರ್ತಿ ಒತ್ತಿದರೂ ಅರ್ಧ ತೆರೆದ ಸದ್ದೇ ಬರುತ್ತದೆ.

ಇಲ್ಲಿ ಒಬ್ಬ ರಿಪೇರಿಯವರಿಗೆ ತೋರಿಸಿದೆ. ಪ್ಯಾಡ್‌ಗಳನ್ನು ಮುಟ್ಟಿಯೂ ನೋಡಲಿಲ್ಲ, ಮಾಡ್ಯೂಲ್ ಬೋರ್ಡ್ ಹೋಗಿದೆ ಅಂದರು. ಕೇಳಿದ ದುಡ್ಡು ನಾನು ಕಿಟ್‌ಗೆ ಕೊಟ್ಟಿದ್ದರ ಅರ್ಧದಷ್ಟು. ನನಗೆ ಸೋಲ್ಡರಿಂಗ್ ಅಲ್ಪಸ್ವಲ್ಪ ಬರುತ್ತದೆ. ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಇದೆ. ನಾನೇ ಕೈ ಹಾಕಬಹುದಾ? ಇದನ್ನು ಬಿಟ್ಟು ಅಕೌಸ್ಟಿಕ್ ಕಿಟ್ ತಗೊಳ್ಳಿ ಅಂತ ಮಾತ್ರ ಹೇಳಬೇಡಿ. ಬಾಡಿಗೆ ಮನೆ, ಕೆಳಗಡೆ ಓನರ್ ಇದ್ದಾರೆ.

ಬ್ಯಾಕ್‌ಬೀಟ್ ಬಸವ

ಗುರು, ನಾಲ್ಕು ಕಡೆ ತೊಂದರೆ ಇದೆ ಅಂದರೆ ಮಾಡ್ಯೂಲೇ ಇರಬೇಕು. ಒಂದೇ ಸಲಕ್ಕೆ ನಾಲ್ಕು ಪ್ಯಾಡ್ ಹಾಳಾಗುತ್ತವಾ? ಸಿಕ್ಕಷ್ಟಕ್ಕೆ ಮಾರಿ, ಇನ್ನಷ್ಟು ಸೇರಿಸಿ ಹೊಸದು ತಗೊ. ತಲೆನೋವು ಇರಲ್ಲ.

ಸೋಲ್ಡರ್ ಶಾಸ್ತ್ರಿ

ಬಸವ ಅವರೇ, ಒಂದೇ ಸಲಕ್ಕೆ ಹಾಳಾಗಿವೆ ಅಂತ ಅವರು ಎಲ್ಲಿ ಹೇಳಿದರು? ಹಳೇ ಕಿಟ್. ಒಂದೊಂದೇ ಹಾಳಾಗುತ್ತಾ ಬಂದು, ಕೊನೆಗೆ ಮಾರಿದ್ದಾರೆ. ನಾಲ್ಕು ತೊಂದರೆಗೂ ಲಕ್ಷಣ ಬೇರೆಬೇರೆ ಇದೆ, ಗಮನಿಸಿ. ಮಾಡ್ಯೂಲ್ ಹೋದರೆ ಇಷ್ಟು ವೈವಿಧ್ಯ ಇರುವುದಿಲ್ಲ.

ದಾವಣಗೆರೆಯವರೇ, ಮೊದಲು ಡೆಮೊ ಹಾಡು ಹಾಕಿ ಕೇಳಿ. ಎಲ್ಲ ವಾದ್ಯಗಳೂ ಸರಿಯಾಗಿ ಕೇಳಿದರೆ ಮಾಡ್ಯೂಲ್ ಒಳಗಿನ ಸದ್ದಿನ ಭಾಗ ಚೆನ್ನಾಗಿದೆ ಅಂತ ಅರ್ಥ. ಆಮೇಲೆ ಅದಲುಬದಲು ಮಾಡಿ ನೋಡಿ. ಎರಡನೇ ಟಾಮ್‌ನ ಕೇಬಲ್ ತೆಗೆದು ಮೂರನೇ ಟಾಮ್‌ನ ಪ್ಯಾಡ್‌ಗೆ ಚುಚ್ಚಿ. ಸದ್ದು ಬಂದರೆ ಕೇಬಲ್ಲೂ ಮಾಡ್ಯೂಲೂ ಎರಡೂ ನಿರಪರಾಧಿ, ತಪ್ಪು ಪ್ಯಾಡ್‌ನದು. ಬರದಿದ್ದರೆ ಕೇಬಲ್ ಅಥವಾ ಮಾಡ್ಯೂಲ್. ಗೊಂಚಲು ಕೇಬಲ್‌ನಲ್ಲಿ ಇವೆರಡನ್ನೂ ಬೇರೆ ಮಾಡಿ ನೋಡುವುದು ಸ್ವಲ್ಪ ಕಷ್ಟ. ಆಗ ಮೀಟರನ್ನು ಬೀಪ್‌ಗೆ ಇಟ್ಟು, ಪ್ಲಗ್ ತುದಿಯಿಂದ 25 ಪಿನ್‌ಗಳಲ್ಲಿ ಯಾವುದಕ್ಕೆ ದಾರಿ ಇದೆ ಅಂತ ಒಂದೊಂದೇ ಮುಟ್ಟಿ ನೋಡಬೇಕು. ಯಾವ ಪಿನ್‌ಗೂ ಬೀಪ್ ಬರದಿದ್ದರೆ ತಂತಿ ತುಂಡಾಗಿದೆ. ಹೆಚ್ಚಾಗಿ ಪ್ಲಗ್‌ನ ಕುತ್ತಿಗೆ ಹತ್ತಿರ, ಕೇಬಲ್ ಮಡಚುವ ಜಾಗದಲ್ಲೇ ತುಂಡಾಗಿರುತ್ತದೆ.

ಈ ಪರೀಕ್ಷೆಗೆ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ. ಮಾಡ್ಯೂಲ್ ಮುಚ್ಚಳ ತೆಗೆಯುವುದು ಎಲ್ಲದಕ್ಕಿಂತ ಕೊನೆಗೆ. ರಿಪೇರಿಯವರು ಅಲ್ಲಿಂದಲೇ ಶುರು ಮಾಡುತ್ತಾರೆ, ಯಾಕೆಂದರೆ ಅವರಿಗೆ ಗೊತ್ತಿರುವುದು ಬೋರ್ಡ್. ಪ್ಯಾಡ್ ಅವರಿಗೆ ಹೊಸದು.

ಇನ್ನೊಂದು. ಎರಡನೇ ಕ್ರ್ಯಾಶ್‌ನ ಕೇಬಲ್ ಬಿಚ್ಚಿ, ಪ್ಲಗ್ ಮೇಲೆ ಎಷ್ಟು ಕಪ್ಪು ಉಂಗುರ ಇವೆ ಅಂತ ನೋಡಿ ಹೇಳಿ. ಎರಡೂ ತುದಿ ನೋಡಿ.

ದಾವಣಗೆರೆ ಬೀಟ್ಸ್

ಶಾಸ್ತ್ರಿ ಸರ್, ಡೆಮೊ ಹಾಡು ಚೆನ್ನಾಗಿ ಓಡುತ್ತದೆ. ಎರಡನೇ ಟಾಮ್‌ನ ಕೇಬಲ್ ಮೂರನೆಯದಕ್ಕೆ ಹಾಕಿದೆ, ಸದ್ದು ಜೋರಾಗೇ ಬಂತು. ಮೂರನೆಯದರ ಕೇಬಲ್ ಎರಡನೆಯದಕ್ಕೆ ಹಾಕಿದರೆ ಮೌನ. ಹಾಗಾದರೆ ಪ್ಯಾಡೇ ಅಲ್ವಾ?

ಕ್ರ್ಯಾಶ್ ಕೇಬಲ್‌ನ ಎರಡೂ ತುದಿಗೆ ಒಂದೊಂದೇ ಉಂಗುರ. ಉಳಿದ ಗೊಂಚಲಿನ ಪ್ಲಗ್‌ಗಳಿಗೆ ಎರಡೆರಡು ಇವೆ. ಇದರಲ್ಲೇನಾದರೂ ಇದೆಯಾ?

ಸೋಲ್ಡರ್ ಶಾಸ್ತ್ರಿ

ಇದರಲ್ಲೇ ಎಲ್ಲ ಇದೆ. ಅದು ಗಿಟಾರ್ ಕೇಬಲ್. ಮಾರಿದವರು ಮೂಲ ಕೇಬಲ್ ಕಳೆದುಕೊಂಡು, ಕೈಗೆ ಸಿಕ್ಕಿದ್ದನ್ನು ಕೊಟ್ಟಿದ್ದಾರೆ.

ಒಂದು ಉಂಗುರ ಅಂದರೆ ಪ್ಲಗ್‌ನಲ್ಲಿ ಎರಡೇ ಭಾಗ: ತುದಿ ಮತ್ತು ಬುಡ. ಇದು ಮೋನೊ. ಎರಡು ಉಂಗುರ ಅಂದರೆ ಮೂರು ಭಾಗ: ತುದಿ, ನಡು, ಬುಡ. ಇದು ಸ್ಟೀರಿಯೊ. ನಿಮ್ಮ ಬಗೆಯ ಸಿಂಬಲ್ ಪ್ಯಾಡ್‌ನಲ್ಲಿ ತುದಿಗೆ ಪಿಯೆಜೋ, ಅಂದರೆ ಏಟು ಹಿಡಿಯುವ ಬಿಲ್ಲೆ. ನಡುಭಾಗಕ್ಕೆ ಅಂಚಿನ ಸ್ವಿಚ್. ಬುಡ ಎರಡಕ್ಕೂ ಗ್ರೌಂಡ್. ರಬ್ಬರ್ ಅಂಚಿನ ಒಳಗೆ ತೆಳುವಾದ ಪಟ್ಟಿ ಸ್ವಿಚ್ ಇರುತ್ತದೆ. ಅಂಚು ಹಿಡಿದು ಒತ್ತಿದರೆ ನಡುಭಾಗಕ್ಕೂ ಬುಡಕ್ಕೂ ಸಂಪರ್ಕ ಆಗುತ್ತದೆ. ಸಿಂಬಲನ್ನು ಕೈಯಲ್ಲಿ ಹಿಡಿದಿದ್ದಾರೆ ಅಂತ ಮಾಡ್ಯೂಲ್ ತಿಳಿದು ಸದ್ದು ನಿಲ್ಲಿಸುತ್ತದೆ. ಚೋಕ್ ಅನ್ನುವುದು ಇದನ್ನೇ. ಈಗ ಮೋನೊ ಪ್ಲಗ್ ಚುಚ್ಚಿದರೆ ಅದರ ಉದ್ದನೆಯ ಬುಡ, ಜ್ಯಾಕ್ ಒಳಗಿನ ನಡು ಸಂಪರ್ಕವನ್ನೂ ಮುಟ್ಟಿಕೊಂಡು ಕೂರುತ್ತದೆ. ಮಾಡ್ಯೂಲ್ ಲೆಕ್ಕದಲ್ಲಿ ಯಾರೋ ಇಡೀ ದಿನ ಕ್ರ್ಯಾಶ್ ಹಿಡಿದುಕೊಂಡೇ ನಿಂತಿದ್ದಾರೆ. ನೀವೇ ಬರೆದಿದ್ದೀರಲ್ಲ, "ಯಾರೋ ಕೈಯಲ್ಲಿ ಹಿಡಿದ ಹಾಗೆ" ಅಂತ.

6.35 ಮಿಲಿಮೀಟರ್ ಸ್ಟೀರಿಯೊ ಕೇಬಲ್ ಒಂದು ತನ್ನಿ. ಮೈಕ್, ಮಿಕ್ಸರ್ ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ತುದಿಗೆ ಎರಡೆರಡು ಉಂಗುರ ಇರಬೇಕು, ನೋಡಿಕೊಂಡೇ ದುಡ್ಡು ಕೊಡಿ.

ಬ್ಯಾಕ್‌ಬೀಟ್ ಬಸವ

ಇದು ಗೊತ್ತಿರಲಿಲ್ಲ. ನಮ್ಮ ಪ್ರಾಕ್ಟೀಸ್ ರೂಮಿನಲ್ಲೂ ಒಂದು ಸಿಂಬಲ್ ಹೀಗೇ ಇದೆ. ನಾಳೆ ಮೊದಲ ಕೆಲಸ ಉಂಗುರ ಎಣಿಸೋದು.

ಕಡಲತಡಿ ರಿದಮ್

ಶಾಸ್ತ್ರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಕೇಬಲ್ ಸರಿ ಇದ್ದರೂ ಇದೇ ಲಕ್ಷಣ ಬರಬಹುದು. ನಾನು ಮಂಗಳೂರು ಕಡೆಯವನು, ಚರ್ಚ್ ಬ್ಯಾಂಡ್‌ನಲ್ಲಿ ನುಡಿಸುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಹಸಿರು, ಚರ್ಮಕ್ಕೆ ಬೂಷ್ಟು. ಸಿಂಬಲ್ ಅಂಚಿನ ಪಟ್ಟಿ ಒಳಗೆ ತೇವ ಹೋಗಿ ಸ್ವಿಚ್ ಅಂಟಿಕೊಂಡಿದ್ದನ್ನು ನೋಡಿದ್ದೇನೆ. ಪರೀಕ್ಷೆ ಸುಲಭ. ಸಿಂಬಲ್‌ಗೆ ಸ್ಟೀರಿಯೊ ಕೇಬಲ್ ಹಾಕಿ, ಇನ್ನೊಂದು ತುದಿಯಲ್ಲಿ ನಡುಭಾಗಕ್ಕೂ ಬುಡಕ್ಕೂ ಮೀಟರ್ ಹಿಡಿಯಿರಿ. ಸುಮ್ನೆ ಇದ್ದಾಗ ಬೀಪ್ ಬರಬಾರದು. ಅಂಚು ಒತ್ತಿದಾಗ ಮಾತ್ರ ಬರಬೇಕು. ಸುತ್ತಲೂ ಒತ್ತುತ್ತಾ ಹೋಗಿ, ಯಾವ ಜಾಗ ಸತ್ತಿದೆ ಅಂತಲೂ ಗೊತ್ತಾಗುತ್ತದೆ.

ಜ್ಯಾಕ್‌ಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎಷ್ಟೋ ಸಲ ರಿಪೇರಿ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಟಿಕೆ ಹೊಡೆದು, ಪ್ಲಗ್ಗನ್ನು ಹತ್ತಾರು ಸಲ ಒಳಗೆ ಹೊರಗೆ ಆಡಿಸುವುದು, ಅಷ್ಟೇ. ಮನೆಯಲ್ಲಿ ಬಾಗಿಲ ಕೀಲಿಗೆ ಹಾಕುವ ಮಾಮೂಲಿ ಡಬ್ಲ್ಯೂಡಿ-40 ಹೊಡೆಯಬೇಡಿ. ಅದು ಎಣ್ಣೆಯ ಪದರ ಬಿಡುತ್ತದೆ, ಆಮೇಲೆ ಧೂಳು ಅಂಟುತ್ತದೆ. ಅದೇ ಕಂಪನಿ ಕಾಂಟ್ಯಾಕ್ಟ್ ಕ್ಲೀನರ್ ಅಂತ ಬೇರೆಯೇ ಡಬ್ಬಿ ಮಾರುತ್ತದೆ.

ದಾವಣಗೆರೆ ಬೀಟ್ಸ್

ಸ್ಟೀರಿಯೊ ಕೇಬಲ್ ತಂದು ಹಾಕಿದೆ. ಕ್ರ್ಯಾಶ್ ಪೂರ್ತಿ ಮೊಳಗುತ್ತದೆ! ಅಂಚು ಹಿಡಿದರೆ ನಿಲ್ಲುತ್ತದೆ. ಬೋರ್ಡ್ ಹೋಗಿದೆ ಅಂದವರಿಗೆ ಏನನ್ನಬೇಕೋ ಗೊತ್ತಿಲ್ಲ.

ಈಗ ಟಾಮ್. ಬಿಚ್ಚುವ ಮುಂಚೆ ಪಿಯೆಜೋ ಸತ್ತಿದೆಯೋ ತಂತಿ ಬಿಟ್ಟಿದೆಯೋ ಅಂತ ಹೊರಗಿನಿಂದಲೇ ನೋಡಬಹುದಾ? ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಪ್ಯಾಡ್ ಬಡಿದರೆ ಏನೂ ಕಾಣಲಿಲ್ಲ. ಚೆನ್ನಾಗಿರುವ ಪ್ಯಾಡ್‌ನಲ್ಲೂ ಏನೂ ಕಾಣಲಿಲ್ಲ.

ಸೋಲ್ಡರ್ ಶಾಸ್ತ್ರಿ

ನಿಮ್ಮ ಹಳದಿ ಮೀಟರ್ ಡಿಟಿ-830ಡಿ ಇರಬೇಕು. ಅದರಲ್ಲಿ ಎಸಿಯ ಅತಿ ಸಣ್ಣ ರೇಂಜೇ 200 ವೋಲ್ಟ್. ಪಿಯೆಜೋದ ಒಂದು ಏಟು ಅದರಲ್ಲಿ ಎಲ್ಲಿ ಕಾಣಬೇಕು? ಡಿಸಿಯಲ್ಲಿ 2000 ಮಿಲಿವೋಲ್ಟ್‌ಗೆ ಇಡಿ. ಒಂದು ಕಡ್ಡಿ ಪ್ಲಗ್‌ನ ತುದಿಗೆ, ಇನ್ನೊಂದು ಬುಡಕ್ಕೆ. ಬೆರಳಿನಿಂದ ಪ್ಯಾಡ್ ಒತ್ತಿ ಬಿಡಿ. ಅಂಕಿ ಜಿಗಿದು ವಾಪಸ್ ಸೊನ್ನೆಗೆ ಬರಬೇಕು. ಎಷ್ಟು ಬಂತು ಅನ್ನುವುದು ಮುಖ್ಯ ಅಲ್ಲ, ಈ ಮೀಟರ್ ಅಷ್ಟು ಬೇಗ ಓದುವುದಿಲ್ಲ. ಜಿಗಿಯುತ್ತದೋ ಇಲ್ಲವೋ, ಅಷ್ಟೇ ನೋಡಿ.

ಬೀಪ್‌ಗೆ ಇಟ್ಟು ಪಿಯೆಜೋ ನೋಡಬೇಡಿ. ಚೆನ್ನಾಗಿರುವ ಪಿಯೆಜೋಗೂ ಬೀಪ್ ಬರುವುದಿಲ್ಲ. ಅದು ಕೆಪಾಸಿಟರ್ ಹಾಗೆ, ಡಿಸಿ ಹರಿಯುವುದಿಲ್ಲ. ಬೀಪ್ ಬಂದರೇ ತೊಂದರೆ, ಒಳಗೆ ಶಾರ್ಟ್ ಆಗಿದೆ ಅಂತ.

ಆರ್ಕೆಸ್ಟ್ರಾ ರಾಜು

ಮೀಟರ್ ಇಲ್ಲದವರಿಗೆ ನಮ್ಮ ದಾರಿ ಹೇಳ್ತೀನಿ. ಗಿಟಾರ್ ಆಂಪ್ ಇದ್ದರೆ ವಾಲ್ಯೂಮ್ ಪೂರ್ತಿ ಇಳಿಸಿ. ಪ್ಯಾಡನ್ನು ಆಂಪ್‌ಗೇ ನೇರ ಚುಚ್ಚಿ. ನಿಧಾನವಾಗಿ ವಾಲ್ಯೂಮ್ ಏರಿಸುತ್ತಾ ಪ್ಯಾಡ್ ಮೇಲೆ ಬೆರಳಲ್ಲಿ ತಟ್ಟಿ. ಪಿಯೆಜೋ ಬದುಕಿದ್ದರೆ ಡಬ್ ಡಬ್ ಅಂತ ಕೇಳುತ್ತೆ. ತಂತಿ ಅಲುಗಾಡುತ್ತಿದ್ದರೆ ಪರಪರ ಅನ್ನುತ್ತೆ. ಸ್ಟೇಜ್ ಹಿಂದೆ, ಕಾರ್ಯಕ್ರಮಕ್ಕೆ ಐದು ನಿಮಿಷ ಇರುವಾಗ ಇದಕ್ಕಿಂತ ಬೇಗ ಗೊತ್ತಾಗುವ ದಾರಿ ಇಲ್ಲ. ಕೋಲಲ್ಲಿ ಹೊಡೆಯಬೇಡಿ ಆಮೇಲೆ, ಸ್ಪೀಕರ್ ಪಾಪ.

ದಾವಣಗೆರೆ ಬೀಟ್ಸ್

ಡಿಸಿಗೆ ಇಟ್ಟು ನೋಡಿದೆ. ಮೂರನೇ ಟಾಮ್‌ನಲ್ಲಿ ಅಂಕಿ ಕುಣಿಯಿತು. ಎರಡನೆಯದರಲ್ಲಿ ಸೊನ್ನೆ. ಧೈರ್ಯ ಮಾಡಿ ಬಿಚ್ಚಿಯೇಬಿಟ್ಟೆ.

ಡ್ರಮ್ ಕೀಯಿಂದ ಸುತ್ತ ಬೋಲ್ಟ್ ಸಡಿಲಿಸಿ, ಹೂಪ್ ಮತ್ತು ಮೆಶ್ ಎತ್ತಿದೆ. ನಡುವೆ ಒಂದು ಅಡ್ಡಪಟ್ಟಿ, ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಬೂದು ಬಣ್ಣದ ಸ್ಪಂಜಿನ ಕೋನ್. ಕೋನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಟಾರ್ಚ್ ಬಿಟ್ಟು ನೋಡಿದರೆ ಕಪ್ಪು ತಂತಿ ಹಿತ್ತಾಳೆ ಅಂಚಿನಲ್ಲಿ ಗಟ್ಟಿಯಾಗಿದೆ. ಕೆಂಪು ತಂತಿ ನಡುವಿನ ಬಿಳಿ ಭಾಗಕ್ಕೆ ಬೆಸೆದಿತ್ತು. ಬೆಸುಗೆಯ ಬೊಟ್ಟು ಬಿಳಿ ಭಾಗದ ಮೇಲೇ ಇದೆ, ತಂತಿ ಮಾತ್ರ ಅದರ ಬುಡದಲ್ಲಿ ಕತ್ತರಿಸಿದೆ. ಕೂದಲಿನಷ್ಟು ತೆಳುವಾದ ಒಂದು ಎಳೆ ಇನ್ನೂ ತಾಗುತ್ತಾ ಬಿಡುತ್ತಾ ಇತ್ತು. ಕೆಳಗಿನಿಂದ ತಟ್ಟಿದರೆ ಆಗಾಗ ಸದ್ದು ಬರುತ್ತಿದ್ದದ್ದು ಇದಕ್ಕೇ. ಬಿಲ್ಲೆ ಒಡೆದ ಹಾಗೆ ಕಾಣುವುದಿಲ್ಲ. ಅದೇ ಬೊಟ್ಟಿಗೆ ತಂತಿ ಬೆಸೆಯಲಾ?

ಸೋಲ್ಡರ್ ಶಾಸ್ತ್ರಿ

ಬೆಸೆಯಬಹುದು, ಆದರೆ ಆತುರ ಬೇಡ. ಹಿತ್ತಾಳೆ ಬಿಲ್ಲೆಯ ಮೇಲೆ ಸೆರಾಮಿಕ್ ಪದರ, ಅದರ ಮೇಲೆ ತೆಳುವಾದ ಬೆಳ್ಳಿ ಲೇಪ. ಕೆಂಪು ತಂತಿ ಬೆಸೆಯುವುದು ಆ ಲೇಪಕ್ಕೆ. ಬಿಸಿ ಜಾಸ್ತಿ ಆದರೆ ಲೇಪ ಸಿಪ್ಪೆ ಹಾಗೆ ಎದ್ದು ಬರುತ್ತದೆ, ಅಲ್ಲಿಗೆ ಬಿಲ್ಲೆಯ ಕಥೆ ಮುಗಿಯಿತು. 25 ವ್ಯಾಟ್ ಐರನ್ ಸಾಕು. ಮೊನೆ ಶುಚಿಯಾಗಿರಲಿ. ತಂತಿಯ ತುದಿ ಸುಲಿದು, ಅದಕ್ಕೆ ಮೊದಲೇ ಸೋಲ್ಡರ್ ಹತ್ತಿಸಿಕೊಳ್ಳಿ. ಹಳೇ ಬೊಟ್ಟಿನ ಮೇಲೆ ಒಂಚೂರು ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹತ್ತಿಸುವ ಪೇಸ್ಟ್) ಹಚ್ಚಿ. ತಂತಿ ಇಟ್ಟು ಐರನ್ ಮುಟ್ಟಿಸಿ, ಬೊಟ್ಟು ಕರಗಿ ಹೊಳೆದ ಕೂಡಲೇ ತೆಗೆಯಿರಿ. ಒಂದೆರಡು ಸೆಕೆಂಡಿನ ಕೆಲಸ. ಹತ್ತಲಿಲ್ಲ ಅಂತ ಒತ್ತಿ ಹಿಡಿದು ಕೂರಬೇಡಿ. ತಣ್ಣಗಾಗಲು ಬಿಟ್ಟು ಮತ್ತೆ ಪ್ರಯತ್ನಿಸಿ.

ಬೆಸುಗೆ ಆದ ಮೇಲೆ ತಂತಿಯನ್ನು ಸ್ವಲ್ಪ ಸಡಿಲವಾಗಿ ಬಾಗಿಸಿ, ಅಡ್ಡಪಟ್ಟಿಗೆ ಹಾಟ್ ಗ್ಲೂ ಹನಿ ಹಾಕಿ ಕೂರಿಸಿ. ತುಂಡಾಗಿದ್ದೇ ಈ ಆಸರೆ ಇಲ್ಲದೆ. ಪ್ರತಿ ಏಟಿಗೂ ತಂತಿ ನಡುಗುತ್ತದೆ, ನಡುಗಿ ನಡುಗಿ ಬೆಸುಗೆಯ ಬುಡದಲ್ಲಿ ಬಿಡುತ್ತದೆ. ಅಂಟು ಬಿಲ್ಲೆಯ ಮೇಲೆ ಹರಡದಿರಲಿ, ಬಿಲ್ಲೆ ಬಾಗುವುದಕ್ಕೆ ಅಡ್ಡಿ ಆದರೆ ಸದ್ದಿನ ಏರಿಳಿತ ಹೋಗುತ್ತದೆ. ಕಿಟಕಿ ತೆರೆದು ಕೆಲಸ ಮಾಡಿ, ಮುಗಿದ ಮೇಲೆ ಕೈ ತೊಳೆದುಕೊಳ್ಳಿ. ಮಾಮೂಲಿ 60/40 ಸೋಲ್ಡರ್ ತಂತಿಯಲ್ಲಿ ನೂರಕ್ಕೆ ನಲವತ್ತು ಸೀಸವೇ ಇರುತ್ತದೆ.

ಧೈರ್ಯ ಸಾಲದಿದ್ದರೆ ತಂತಿ ಬೆಸೆದೇ ಬರುವ ಹೊಸ ಬಿಲ್ಲೆ ತನ್ನಿ. ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋಗುವವರು ಯಾರಾದರೂ ಇದ್ದರೆ ಹೇಳಿ ಕಳಿಸಿ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಒಂದು ಕಾಫಿ ದುಡ್ಡಿನ ವಸ್ತು. 27 ಮತ್ತು 35 ಮಿಲಿಮೀಟರ್ ಸಾಮಾನ್ಯ ಅಳತೆಗಳು. ಹಳೆಯದನ್ನು ಸ್ಕೇಲ್ ಇಟ್ಟು ಅಳೆದು ಅಷ್ಟೇ ಅಳತೆಯದು ತನ್ನಿ. ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದ ಬಝರ್ ಕೊಡಲು ಬರುತ್ತಾರೆ, ಬೇಡ ಅನ್ನಿ. ಬರಿ ಬಿಲ್ಲೆ ಬೇಕು.

ಪ್ಯಾರಾಡಿಡ್ಲ್ ಪದ್ಮ

ಮೈಸೂರಿನಲ್ಲಿ ಮಕ್ಕಳಿಗೆ ಡ್ರಮ್ಸ್ ಹೇಳಿಕೊಡುತ್ತೇನೆ. ಕ್ಲಾಸಿನ ಕಿಟ್‌ಗಳು ತಿನ್ನುವ ಏಟು ಯಾವ ಕಿಟ್ಟೂ ತಿಂದಿರಲ್ಲ. ಹಾಗಾಗಿ ಸ್ನೇರ್ ಬಗ್ಗೆ ನಾನು ಹೇಳುತ್ತೇನೆ.

ನಡುವೆ ಬಾಂಬ್, ಅಂಚಿಗೆ ಪಿಸುಮಾತು ಅಂದಿರಲ್ಲ. ನಡುವೆ ಒಂದೇ ಕೋನ್ ಇರುವ ಪ್ಯಾಡ್‌ಗಳಲ್ಲಿ ಇದು ಹುಟ್ಟಿನಿಂದಲೇ ಸ್ವಲ್ಪ ಇರುತ್ತದೆ. ಕೋಲು ನೇರ ಕೋನ್ ಮೇಲೇ ಬಿದ್ದರೆ ಜೋರಾಗಿ ಬರಲೇಬೇಕು. ಹಾಟ್ ಸ್ಪಾಟ್ ಅಂತಾರೆ. ಆದರೆ ಕೋನ್ ಹಳೆಯದಾಗಿ ಚಪ್ಪಟೆಯಾದರೆ ಇದು ವಿಪರೀತ ಆಗುತ್ತದೆ. ಮೆಶ್ ತೆಗೆದು, ಡ್ರಮ್‌ನ ಅಂಚಿನ ಮೇಲೆ ಒಂದು ಸ್ಕೇಲ್ ಅಡ್ಡ ಇಡಿ. ಕೋನ್‌ನ ತುದಿ ಸ್ಕೇಲನ್ನು ತಳ್ಳಬೇಕು. ಅಂಚಿನ ಮಟ್ಟಕ್ಕಿಂತ 3 ಮಿಲಿಮೀಟರ್ ಆಸುಪಾಸು ಮೇಲಿದ್ದರೆ ಒಳ್ಳೆಯದು. ಸ್ಕೇಲ್ ಕೆಳಗೆ ಸಂದು ಕಂಡರೆ ಕೋನ್ ಸೋತಿದೆ. ಮೆಶ್ ಅದನ್ನು ಸರಿಯಾಗಿ ಮುಟ್ಟುತ್ತಲೇ ಇಲ್ಲ, ಪ್ರತಿ ಏಟಿಗೂ ಒಮ್ಮೆ ಮುಟ್ಟಿ ಒಮ್ಮೆ ಪುಟಿದು ಎರಡು ಸದ್ದು ಕೊಡುತ್ತದೆ.

ಹೊಸ ಕೋನ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬರುವವರೆಗೆ ತಾತ್ಕಾಲಿಕವಾಗಿ ಕೋನ್ ಕೆಳಗೆ ದಪ್ಪ ಫೋಮ್ ಟೇಪ್ ಒಂದು ಪದರ ಜಾಸ್ತಿ ಹಾಕಿ ಎತ್ತರಿಸಬಹುದು. ಎರಡೂ ಬದಿ ಅಂಟಿರುವ ಟೇಪ್. ಸೂಪರ್ ಗ್ಲೂ ಮಾತ್ರ ಬೇಡ. ಗಟ್ಟಿಯಾಗಿ ಹಿಡಿದು, ಮುಂದಿನ ಸಲ ತೆಗೆಯುವಾಗ ಬಿಲ್ಲೆಯನ್ನೂ ಮುರಿದುಕೊಂಡೇ ಬರುತ್ತದೆ.

ಬ್ಯಾಕ್‌ಬೀಟ್ ಬಸವ

ಮೇಡಂ, ಸೋಫಾ ಮಾಡುವವರ ಹತ್ತಿರ ಗಟ್ಟಿ ಫೋಮ್ ತುಂಡು ಸುಮ್ನೆ ಕೊಡ್ತಾರೆ. ಅದನ್ನೇ ಕೋನ್ ಆಕಾರಕ್ಕೆ ಕತ್ತರಿಸಿದರೆ ಆಗಲ್ವಾ?

ಪ್ಯಾರಾಡಿಡ್ಲ್ ಪದ್ಮ

ಆಗುತ್ತದೆ, ಸ್ವಲ್ಪ ದಿನ. ನಾನೂ ಹಾಕಿದ್ದೇನೆ. ಒತ್ತಿದ ಕೂಡಲೇ ವಾಪಸ್ ಏಳುವ ಫೋಮ್ ಆಗಬೇಕು. ನಿಧಾನಕ್ಕೆ ಏಳುವ ದಿಂಬಿನ ಫೋಮ್ ಆದರೆ ರೋಲ್ ನುಡಿಸುವಾಗ ಅರ್ಧ ಏಟು ಮಾಯ. ಹವಾಯಿ ಚಪ್ಪಲಿ ತುಂಡು ಹಾಕಿದ ಪುಣ್ಯಾತ್ಮರನ್ನೂ ನೋಡಿದ್ದೇನೆ. ಅದು ತೀರಾ ಗಟ್ಟಿ, ಹಾಟ್ ಸ್ಪಾಟ್ ಇನ್ನೂ ಜೋರಾಗುತ್ತದೆ.

ಸೋಲ್ಡರ್ ಶಾಸ್ತ್ರಿ

ಪದ್ಮ ಅವರ ಮಾತಿಗೆ ಒಪ್ಪಿಗೆ ಇದೆ, ಒಂದು ವಿಷಯ ಬಿಟ್ಟು. ಎರಡು ಸದ್ದು ಬರುವುದಕ್ಕೆ ಯಾವಾಗಲೂ ಕೋನ್ ಕಾರಣ ಅಲ್ಲ. ಮೆಶ್ ಸಡಿಲ ಇದ್ದರೂ ಬರುತ್ತದೆ. ಅದಕ್ಕಿಂತ ಜಾಸ್ತಿ, ಹಿಂದಿನ ಮಾಲೀಕರು ಮಾಡ್ಯೂಲ್‌ನಲ್ಲಿ ಸೆನ್ಸಿಟಿವಿಟಿ (ಏಟಿಗೆ ಎಷ್ಟು ಜೋರಾಗಿ ಸ್ಪಂದಿಸಬೇಕು ಅನ್ನುವ ಸೆಟ್ಟಿಂಗ್) ಏರಿಸಿ ಇಟ್ಟಿರುತ್ತಾರೆ. ಕೋನ್ ಸೋತಂತೆಲ್ಲ ಸದ್ದು ಕಡಿಮೆ ಆಗುತ್ತದೆ, ಅವರು ಏರಿಸುತ್ತಾ ಹೋಗುತ್ತಾರೆ. ಈಗ ಹೊಸ ಕೋನ್ ಹಾಕಿದರೆ ಆ ಹಳೇ ಸೆಟ್ಟಿಂಗ್‌ನಲ್ಲಿ ಎಲ್ಲ ಕಿರುಚುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿ ಶುರು ಮಾಡುವುದು ಒಳ್ಳೆಯದು.

ಪ್ಯಾರಾಡಿಡ್ಲ್ ಪದ್ಮ

ರೀಸೆಟ್ ಸರಿ. ಆದರೆ ಯಂತ್ರ ಭಾಗ ಸರಿ ಮಾಡದೆ ಸೆಟ್ಟಿಂಗ್‌ನಲ್ಲಿ ಮುಚ್ಚಿಹಾಕಬೇಡಿ ಅಂತ ನನ್ನ ಮಾತು. ರಿಟ್ರಿಗರ್ ಕ್ಯಾನ್ಸಲ್ (ಒಂದು ಏಟಿನ ಬೆನ್ನಿಗೇ ಬರುವ ಇನ್ನೊಂದನ್ನು ತಡೆಯುವ ಸೆಟ್ಟಿಂಗ್) ಏರಿಸಿದರೆ ಎರಡು ಸದ್ದು ನಿಲ್ಲುತ್ತದೆ, ನಿಜ. ಜೊತೆಗೆ ಫ್ಲ್ಯಾಮು, ಬಝ್ ರೋಲು ಥರ ಬೆನ್ನುಬೆನ್ನಿಗೆ ಬೀಳುವ ಏಟುಗಳೆಲ್ಲ ನುಂಗಿಹೋಗುತ್ತವೆ. ಮಕ್ಕಳು "ಮಿಸ್, ನಾನು ಸರಿಯಾಗೇ ಹೊಡೆದೆ" ಅನ್ನುತ್ತಾರೆ. ಅವರು ಹೇಳಿದ್ದು ಸರಿಯಾಗಿಯೇ ಇರುತ್ತದೆ.

ನಾನು ಮಾಡುವ ಕ್ರಮ ಇಷ್ಟು. ಮೊದಲು ಮೆಶ್ ಬಿಗಿ ಮಾಡುವುದು, ಎದುರುಬದುರು ಬೋಲ್ಟ್‌ಗಳನ್ನು ಅರ್ಧರ್ಧ ಸುತ್ತು. ಒಂದೇ ಬದಿಯಿಂದ ಬಿಗಿಯುತ್ತಾ ಹೋದರೆ ಮೆಶ್ ಓರೆಯಾಗುತ್ತದೆ. ಆಮೇಲೆ ಸೆನ್ಸಿಟಿವಿಟಿ: ನಿಮ್ಮ ಅತಿ ಜೋರಿನ ಏಟಿಗೆ ಮಾತ್ರ ಮಾಡ್ಯೂಲ್ ಪರದೆಯ ಮೀಟರ್ ಗರಿಷ್ಠ ಮುಟ್ಟಬೇಕು. ಆಮೇಲೆ ಥ್ರೆಶೋಲ್ಡ್ (ಎಷ್ಟು ಸಣ್ಣ ಏಟಿನವರೆಗೆ ಸದ್ದು ಬರಬೇಕು ಅನ್ನುವ ಮಿತಿ): ಪಕ್ಕದ ಸ್ಟ್ಯಾಂಡ್ ತಟ್ಟಿದರೆ ಸದ್ದು ಬರಬಾರದು, ಘೋಸ್ಟ್ ನೋಟ್, ಅಂದರೆ ತೀರಾ ಮೆಲ್ಲಗಿನ ಏಟು, ಬರಬೇಕು. ಟಾಮ್ ಹೊಡೆದಾಗ ಸ್ನೇರ್ ಕೇಳಿದರೆ ಕ್ರಾಸ್‌ಟಾಕ್ ಕ್ಯಾನ್ಸಲ್ (ಇದನ್ನು ತಡೆಯುವ ಸೆಟ್ಟಿಂಗ್) ಸ್ವಲ್ಪ ಏರಿಸಿ, ಅದಕ್ಕೂ ಮೊದಲು ರ‍್ಯಾಕ್‌ನ ಕ್ಲ್ಯಾಂಪ್‌ಗಳು ಗಟ್ಟಿ ಇವೆಯಾ ನೋಡಿ. ರಿಟ್ರಿಗರ್ ಎಲ್ಲದಕ್ಕಿಂತ ಕೊನೆಗೆ.

ದಾವಣಗೆರೆ ಬೀಟ್ಸ್

ಟಾಮ್ ಬದುಕಿತು! ಹಳೇ ಬೊಟ್ಟಿಗೇ ಬೆಸೆದೆ, ಹೊಸ ಬಿಲ್ಲೆ ಬೇಕಾಗಲಿಲ್ಲ. ಶಾಸ್ತ್ರಿ ಸರ್ ಹೇಳಿದಂತೆ ಗ್ಲೂ ಹನಿ ಹಾಕಿದ್ದೇನೆ.

ಸ್ನೇರ್‌ನಲ್ಲಿ ಸ್ಕೇಲ್ ಇಟ್ಟು ನೋಡಿದರೆ ಕೋನ್ ಸ್ಕೇಲನ್ನು ಮುಟ್ಟುತ್ತಲೇ ಇಲ್ಲ. ಕೆಳಗಿನ ಟೇಪ್ ಒಣಗಿ ಪುಡಿಯಾಗಿತ್ತು, ಕೋನ್ ಒಂದು ಪಕ್ಕಕ್ಕೆ ವಾಲಿತ್ತು. ಹಳೇ ಟೇಪ್ ಕೆರೆದು, ಎರಡು ಪದರ ಫೋಮ್ ಟೇಪ್ ಹಾಕಿ ಎತ್ತರಿಸಿದೆ. ರೀಸೆಟ್ ಮಾಡಿ ಪದ್ಮ ಮೇಡಂ ಹೇಳಿದ ಕ್ರಮದಲ್ಲೇ ಹೋದೆ. ಎರಡು ಸದ್ದು ನಿಂತಿದೆ. ನಡುವಿನ ಏಟು ಇನ್ನೂ ಒಂಚೂರು ಜೋರು, ಆದರೆ ನುಡಿಸಬಹುದು. ಹೊಸ ಕೋನ್ ಆರ್ಡರ್ ಮಾಡಿದ್ದೇನೆ.

ಇನ್ನು ಹೈ-ಹ್ಯಾಟ್.

ಕಡಲತಡಿ ರಿದಮ್

ಹೈ-ಹ್ಯಾಟ್ ಪೆಡಲ್ ಬಿಚ್ಚುವ ಮೊದಲು ಒಂದು ಪ್ರಶ್ನೆ. ಮಾಡ್ಯೂಲ್ ಆನ್ ಮಾಡುವಾಗ ಕಾಲು ಪೆಡಲ್ ಮೇಲಿರುತ್ತಾ? ಕೆಲವು ಮಾಡ್ಯೂಲ್‌ಗಳು ಆನ್ ಆಗುವ ಹೊತ್ತಿಗೆ ಪೆಡಲ್ ಎಲ್ಲಿದೆಯೋ ಅದನ್ನೇ ತೆರೆದ ಸ್ಥಿತಿ ಅಂದುಕೊಳ್ಳುತ್ತವೆ. ಕಾಲು ತೆಗೆದು ಆನ್ ಮಾಡಿ, ಪೂರ್ತಿ ಆನ್ ಆದ ಮೇಲೆ ಒತ್ತಿ ನೋಡಿ. ಹೈ-ಹ್ಯಾಟ್ ಕ್ಯಾಲಿಬ್ರೇಶನ್ ಅಂತ ಮೆನು ಇದ್ದರೆ ಅದನ್ನೂ ಮಾಡಿ.

ದಾವಣಗೆರೆ ಬೀಟ್ಸ್

ಕಾಲು ತೆಗೆದೇ ಆನ್ ಮಾಡಿದೆ. ವ್ಯತ್ಯಾಸ ಇಲ್ಲ. ಕ್ಯಾಲಿಬ್ರೇಶನ್ ಮೆನು ಇಲ್ಲ.

ಸೋಲ್ಡರ್ ಶಾಸ್ತ್ರಿ

ಹಾಗಾದರೆ ಪೆಡಲ್ ಒಳಗೇ ನೋಡಬೇಕು. ಈ ಮಟ್ಟದ ಬಹಳ ಪೆಡಲ್‌ಗಳು ರೆಸಿಸ್ಟೆನ್ಸ್ ಬದಲಾಗುವ ಬಗೆಯವು. ಒಳಗೆ ಇಂಗಾಲ ಲೇಪಿಸಿದ ಪಟ್ಟಿ, ಅದರ ಮೇಲೆ ರಬ್ಬರ್ ತುಂಡು. ಒತ್ತಿದಷ್ಟೂ ರಬ್ಬರ್ ಜಾಸ್ತಿ ಜಾಗ ಮುಟ್ಟುತ್ತದೆ, ರೆಸಿಸ್ಟೆನ್ಸ್ ಬದಲಾಗುತ್ತದೆ. ಮೀಟರನ್ನು ಓಮ್ಸ್‌ಗೆ ಇಟ್ಟು, ಪೆಡಲ್ ಜ್ಯಾಕ್‌ನಿಂದ ಬರುವ ಪ್ಲಗ್‌ನ ಭಾಗಗಳಿಗೆ ಎರಡೆರಡಾಗಿ ಹಿಡಿದು ನಿಧಾನವಾಗಿ ಒತ್ತಿ. ಅಂಕಿ ಸರಾಗವಾಗಿ ಇಳಿಯಬೇಕು ಅಥವಾ ಏರಬೇಕು. ನಡುವೆ ಜಿಗಿದರೆ ಅಥವಾ ಕೊನೆಯವರೆಗೆ ಹೋಗದೆ ನಿಂತರೆ ಪಟ್ಟಿಯ ಮೇಲೆ ಕೊಳೆ ಇದೆ, ಇಲ್ಲವೇ ರಬ್ಬರ್ ಸವೆದಿದೆ.

ಕೊಳೆಯಾದರೆ ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಮೆಲ್ಲಗೆ ಒರೆಸಿ. ಮೊಬೈಲ್ ರಿಪೇರಿಯವರ ಹತ್ತಿರ ಇರುತ್ತದೆ. ಕೈಗೆ ಹಾಕುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಉಜ್ಜಬೇಡಿ, ಇಂಗಾಲದ ಲೇಪವೇ ಕಿತ್ತು ಬರುತ್ತದೆ. ರಬ್ಬರ್ ಸವೆದಿದ್ದರೆ ಅದರ ಹಿಂಬದಿಗೆ, ಪಟ್ಟಿ ಮುಟ್ಟದ ಕಡೆ, ತೆಳುವಾದ ರಟ್ಟಿನ ಚೂರು ಇಟ್ಟು ಎತ್ತರಿಸಿ ನೋಡಿ. ಎರಡಕ್ಕೂ ಬಗ್ಗದಿದ್ದರೆ ಪೆಡಲ್ ಬದಲಿಸಬೇಕು. ಆಗ ನಿಮ್ಮ ಮಾಡ್ಯೂಲ್‌ಗೆ ಹೊಂದುವುದೇ ತಗೊಳ್ಳಿ. ಒಂದು ಕಂಪನಿಯ ಪೆಡಲ್ ಇನ್ನೊಂದರ ಮಾಡ್ಯೂಲ್‌ಗೆ ತಿರುವುಮುರುವಾಗಿ ಕೆಲಸ ಮಾಡುವುದುಂಟು.

ಆರ್ಕೆಸ್ಟ್ರಾ ರಾಜು

ಅಣ್ಣಾವ್ರೇ, ಎಲ್ಲ ಹೇಳಿದಿರಿ, ಅಡಾಪ್ಟರ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಲೈನಲ್ಲಿ ಮಾಡ್ಯೂಲ್ ನಿಜವಾಗಿ ಸಾಯೋದು ಅದರಿಂದಲೇ. ರಾಜ್ಯೋತ್ಸವ, ಗಣೇಶ ಹಬ್ಬದ ಸೀಸನ್‌ನಲ್ಲಿ ಒಂದೇ ಸ್ಟೇಜ್ ಮೇಲೆ ಕೀಬೋರ್ಡ್, ರಿದಮ್ ಪ್ಯಾಡ್, ಗಿಟಾರ್ ಪ್ರೊಸೆಸರ್ ಎಲ್ಲದರ ಅಡಾಪ್ಟರೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿರ್ತಾರೆ. ಎಲ್ಲವೂ ಕಪ್ಪು, ಪಿನ್ನೂ ಒಂದೇ ಥರ. ಕತ್ತಲಲ್ಲಿ ಯಾರೋ ತಂದು ಯಾವುದನ್ನೋ ಚುಚ್ಚುತ್ತಾರೆ.

ರೋಲ್ಯಾಂಡ್ ಪಿಎಸ್‌ಎ ಅಡಾಪ್ಟರ್ 9 ವೋಲ್ಟ್, ಪಿನ್ ನಡುವೆ ಮೈನಸ್. ಯಮಾಹಾ ಪಿಎ-130, ಪಿಎ-150 ಎರಡೂ 12 ವೋಲ್ಟ್, ನಡುವೆ ಪ್ಲಸ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ವೋಲ್ಟೇಜೂ ತಪ್ಪು, ದಿಕ್ಕೂ ತಪ್ಪು. ಮಾಡ್ಯೂಲ್ ಹಿಂದೆ ಸಣ್ಣ ಚಿತ್ರ ಇರುತ್ತೆ, ಒಂದು ಚುಕ್ಕಿ, ಸುತ್ತ ಅರ್ಧ ಉಂಗುರ, ಪ್ಲಸ್ ಮೈನಸ್. ಅಡಾಪ್ಟರ್ ಮೇಲಿನ ಚಿತ್ರವೂ ಹಾಗೇ ಇರಬೇಕು. ನಾನು ನನ್ನ ಅಡಾಪ್ಟರ್‌ಗೆ ಕೆಂಪು ಟೇಪ್ ಸುತ್ತಿ, ಮಾಡ್ಯೂಲ್‌ಗೂ ಅದೇ ಕೆಂಪು ಟೇಪ್ ಅಂಟಿಸಿದ್ದೀನಿ.

ಸೋಲ್ಡರ್ ಶಾಸ್ತ್ರಿ

ರಾಜು ಅವರ ಮಾತು ನೂರಕ್ಕೆ ನೂರು. ಆಂಪಿಯರ್ ಬಗ್ಗೆ ಒಂದು ಮಾತು: ಹೊಸ ಅಡಾಪ್ಟರ್‌ನಲ್ಲಿ ಆಂಪಿಯರ್ ಬರೆದಿದ್ದಕ್ಕಿಂತ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ವೋಲ್ಟ್ ಮಾತ್ರ ಅಷ್ಟೇ ಇರಬೇಕು. ಮತ್ತೆ, ಅಡಾಪ್ಟರ್ ಕೆಟ್ಟರೆ ಅದನ್ನು ಬಿಚ್ಚಬೇಡಿ. ಪ್ಯಾಡ್ ಒಳಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ. ಅಡಾಪ್ಟರ್ ಒಳಗೆ 230 ವೋಲ್ಟ್ ಇದೆ.

ದಾವಣಗೆರೆ ಬೀಟ್ಸ್

ಪೆಡಲ್ ಬಿಚ್ಚಿದೆ. ಪಟ್ಟಿಯ ಮೇಲೆ ಕಪ್ಪಗೆ ಅಂಟಂಟು. ಜೊತೆಗೆ ಇರುವೆ ಮಣ್ಣು, ಅದನ್ನು ಯಾರೂ ಹೇಳಿರಲಿಲ್ಲ. ಆಲ್ಕೊಹಾಲ್ ಹಾಕಿ ಒರೆಸಿದ ಮೇಲೆ ಮುಕ್ಕಾಲು ಭಾಗ ಸರಿಯಾಯಿತು. ಪೂರ್ತಿ ಮುಚ್ಚಿದ ಸದ್ದು ಬರಬೇಕಾದರೆ ಇನ್ನೂ ಜೋರಾಗಿ ಒತ್ತಬೇಕು. ರಟ್ಟು ಇಟ್ಟು ನೋಡುತ್ತೇನೆ. ಎಲ್ಲರಿಗೂ ಧನ್ಯವಾದ. ಈ ತನಕ ಆದ ಖರ್ಚು ಒಂದು ಸ್ಟೀರಿಯೊ ಕೇಬಲ್, ಒಂದು ಸುರುಳಿ ಫೋಮ್ ಟೇಪ್.

ಬ್ಯಾಕ್‌ಬೀಟ್ ಬಸವ

ಹೊಸದು ತಗೊ ಅಂದಿದ್ದು ವಾಪಸ್ ತಗೊಂಡೆ. ನಮ್ಮ ರೂಮಿನ ಸಿಂಬಲ್‌ಗೂ ಒಂದೇ ಉಂಗುರ ಇತ್ತು.

ಕಡಲತಡಿ ರಿದಮ್

ಇರುವೆ ಅಂದಿರಲ್ಲ, ರಬ್ಬರ್ ಪ್ಯಾಡ್ ಒಳಗೂ ಗೂಡು ಕಟ್ಟುತ್ತವೆ. ಮಳೆಗಾಲದಲ್ಲಿ ಜ್ಯಾಕ್ ತೂತುಗಳಿಗೆ ಪ್ಲಗ್ ಚುಚ್ಚಿಯೇ ಇಡಿ, ಕಿಟ್ ಮೇಲೆ ಹಳೇ ಬೆಡ್‌ಶೀಟ್ ಹಾಕಿ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ಬೆವರುತ್ತದೆ.

ಹೊಸ ಸ್ಟಿಕ್ಸ್

ಈ ಚರ್ಚೆ ಓದಿ ನನ್ನ ಸ್ನೇರ್ ಬಿಚ್ಚಿದ್ದೇನೆ. ಹೆಡ್ ಚೆನ್ನಾಗಿದೆ, ರಿಮ್ ಹೊಡೆದರೆ ಸದ್ದಿಲ್ಲ. ಒಳಗೆ ಗೋಡೆಯ ಪಕ್ಕ ಎರಡನೇ ಬಿಲ್ಲೆ ಇದೆ, ನಡುವೆ ಬಿರುಕು ಕಾಣುತ್ತದೆ. ಬಿರುಕು ಬಿಟ್ಟಿದ್ದನ್ನು ಅಂಟಿಸಬಹುದಾ? ಯಾವ ಅಳತೆ ತರಬೇಕು?

ಸೋಲ್ಡರ್ ಶಾಸ್ತ್ರಿ

ಸೆರಾಮಿಕ್ ಬಿರುಕು ಬಿಟ್ಟರೆ ಅಂಟಿಸಿ ಪ್ರಯೋಜನ ಇಲ್ಲ, ಬದಲಿಸಿ. ರಿಮ್‌ಗೆ ಹೆಚ್ಚಾಗಿ 27 ಇರುತ್ತದೆ, ಆದರೂ ಅಳೆದು ತನ್ನಿ. ಹಳೆಯದು ಕೀಳುವ ಮೊದಲು ಯಾವ ತಂತಿ ಎಲ್ಲಿತ್ತು ಅಂತ ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ತರುವಾಗ ಎರಡು ತನ್ನಿ, ಮೊದಲನೆಯದು ಬೆಸೆಯುವಾಗ ಹೋದರೂ ಇನ್ನೊಂದು ಇರುತ್ತದೆ.